ಮೆಟ್ಟಿಲ ಬಾಗಿಲಿನ ರಾಯಭಾರ

ಆ ಬೆಳಿಗ್ಗೆ ಕಂಪ್ಯೂಟರ್ ಆಟದ ಪರದೆಯ ಮೇಲೆ ಮೂಡಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆನೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಟ್ಟೆ ಎಂದು ಬಹಳ ವರ್ಷ ನಂಬಿದ್ದೆ. ಚಿಕ್ಕಪ್ಪನ ಮಗಳು ರಶ್ಮಿಯ ರಾಜ್ಯದ ಮೇಲೆ ನೆರೆಯ ದೊರೆ ಯುದ್ಧ ಸಾರಿದಾಗ ನಾನು ಒಪ್ಪಂದದಂತೆ ಅವಳ ಪಕ್ಷ ಸೇರಿದೆ, ಮೌಸ್ ಒತ್ತಿದ ಸದ್ದು ಇನ್ನೂ ಕಿವಿಯಲ್ಲಿದೆ ಎಂದು ಗೆಳೆಯರಿಗೆ ಹೇಳಿದ್ದೂ ಉಂಟು. ರಶ್ಮಿ ಅದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ನಾನು ತಟಸ್ಥ ಎಂಬುದನ್ನು ಒತ್ತಿ ಕೆಳಗೆ ಓಡಿದೆ. ನಾವಿಬ್ಬರೂ ಈಗ ನಡುವಯಸ್ಸಿನವರು, ಅವಳಿಗೆ ನನಗಿಂತ ಒಂದು ವರ್ಷ ಹೆಚ್ಚು, ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಕಣ್ಣಾರೆ ಕಂಡವನ ಹೇಳಿಕೆಯನ್ನೇ ಮೊದಲು ಅನುಮಾನಿಸಬೇಕೆಂದು ಕಲಿಸಿದರು. ಬೇರೆಯವರ ಹೇಳಿಕೆಗಳನ್ನು ಹಾಗೆ ಅನುಮಾನಿಸುತ್ತ ಪದವಿ ಪಡೆದೆ. ನನ್ನದನ್ನು ಅನುಮಾನಿಸಲು ಶುರು ಮಾಡಿದ್ದು ತಡವಾಗಿ. ಆದ್ದರಿಂದ ಈ ಅಧ್ಯಾಯದಲ್ಲಿ ಬರುವ ಮಾತುಗಳನ್ನು ಓದುವವರು ಸ್ವಲ್ಪ ದೂರದಲ್ಲಿಟ್ಟೇ ಓದಲಿ. ಮನೆಯೊಂದಿತ್ತು, ಅದರ ಮಧ್ಯೆ ಒಂದು ಬಾಗಿಲಿತ್ತು, ಆ ಬಾಗಿಲು ತೆರೆದಿರುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಮ್ಮ ಅಜ್ಜಿಯ ಬದುಕು ನಿಂತಿತ್ತು. ಇಷ್ಟನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಕತ್ರಿಗುಪ್ಪೆಯ ಆ ಮನೆಯನ್ನು ತಾತ ಒಂದೇ ಸಂಸಾರಕ್ಕೆಂದು ಕಟ್ಟಿಸಿದ್ದರು. ಹಾಲಿನ ಮೂಲೆಯಿಂದ ಮಹಡಿಗೆ ಒಳಗೇ ಮೆಟ್ಟಿಲು, ಅದಕ್ಕೆ ಕೈಹಿಡಿಯಲು ನುಣ್ಣಗಿನ ಮರದ ಪಟ್ಟಿ. ತಾತ ಹೋದ ಮೇಲೆ ಒಂದು ಒಲೆ ಎರಡಾಯಿತು. ಕೆಳಗೆ ನಾವು, ಮೇಲೆ ಚಿಕ್ಕಪ್ಪನ ಸಂಸಾರ. ಆಗ ಹೊರಗಡೆಯಿಂದಲೂ ಒಂದು ಸಿಮೆಂಟಿನ ಮೆಟ್ಟಿಲು ಬಂತು. ಕಡಿದಾಗಿತ್ತು, ಹಿಡಿಯಲು ಪಟ್ಟಿ ಇರಲಿಲ್ಲ. ಒಳಮೆಟ್ಟಿಲಿನ ಬುಡಕ್ಕೆ ಒಂದು ಬಾಗಿಲು ಬಂತು. ಅದು ನಮ್ಮ ಹಾಲಿನೊಳಕ್ಕೆ ತೆರೆದುಕೊಳ್ಳುವ, ಚೌಕಟ್ಟಿಗಿಂತ ಕೂದಲೆಳೆಯಷ್ಟು ಅಗಲವಾದ ಬಾಗಿಲು. ಹಾಕಿದರೆ ಟಕ್ ಎಂದು ಕಚ್ಚಿಕೊಳ್ಳುತ್ತಿತ್ತು. ಆದರೆ ಯಾರೂ ಹಾಕುತ್ತಿರಲಿಲ್ಲ. ಬಳಕೆ ತಪ್ಪಿದ ಒರಳಿನ ಗುಂಡನ್ನು ಅಡ್ಡ ಇಟ್ಟು ಹಗಲೆಲ್ಲ ತೆರೆದೇ ಬಿಡುತ್ತಿದ್ದರು. ಅಜ್ಜಿ ಮಲಗುವುದು ನಮ್ಮ ಕಡೆ, ಮಧ್ಯಾಹ್ನ ಕಳೆಯುವುದು ಮೇಲೆ. ಅವರ ಮಂಡಿ ಹೊರಗಿನ ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಒಳಗಿನದಕ್ಕೆ, ಮರದ ಪಟ್ಟಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹೇಳಿಕೊಂಡು, ಹೇಗೋ ಒಪ್ಪುತ್ತಿತ್ತು.

ಎರಡು ಅಡುಗೆಮನೆಗಳ ಮಧ್ಯೆ ಓಡಾಡುವ ಒಂದು ಸ್ಟೀಲ್ ಡಬ್ಬಿ ಇತ್ತು. ಅದರ ಮೇಲೆ ತಾತನ ಹೆಸರು ಕೊರೆದಿತ್ತು, ಹಾಗಾಗಿ ಅದು ಇಬ್ಬರದೂ ಆಗಿತ್ತು, ಯಾರದೂ ಆಗಿರಲಿಲ್ಲ. ಕೆಳಗಿನಿಂದ ಹುಳಿ ಹೋದರೆ ಮೇಲಿನಿಂದ ಪಲ್ಯ ಬರುತ್ತಿತ್ತು. ಏನೂ ಇಲ್ಲದ ದಿನ ತಳದಲ್ಲಿ ಒಂದು ಚಮಚ ಸಕ್ಕರೆ ಹಾಕಿಯಾದರೂ ವಾಪಸ್ ಕೊಡಬೇಕು. ಬರಿದಾದ ಡಬ್ಬಿ ಹಿಂದಿರುಗಿಸುವುದು ನಮ್ಮಲ್ಲಿ ಬೈಗುಳಕ್ಕಿಂತ ದೊಡ್ಡದು. ಅಮ್ಮ ಮತ್ತು ಚಿಕ್ಕಮ್ಮ ಒಬ್ಬರ ಮೇಲೊಬ್ಬರು ಸಿಡುಕಿಕೊಂಡ ದಿನಗಳಲ್ಲೂ ಆ ಸಕ್ಕರೆ ತಪ್ಪಿರಲಿಲ್ಲ. ಡಬ್ಬಿ ಹೊರುವವರು ಯಾವಾಗಲೂ ಅಜ್ಜಿಯೇ. ನಾವು ಮಕ್ಕಳು ಕೈ ಚಾಚಿದರೆ ಕೊಡುತ್ತಿರಲಿಲ್ಲ.

"ನೀವು ಬರೀ ಡಬ್ಬಿ ಕೊಟ್ಟು ಓಡಿಬರ್ತೀರ. ಜೊತೆಗೆ ಎರಡು ಮಾತು ಬೇಡ್ವೇನೋ?"

ಆ ಎರಡು ಮಾತು ಏನೆಂದು ನಾನು ಆಗ ಗಮನಿಸಿರಲಿಲ್ಲ.

ಕಂಪ್ಯೂಟರ್ ಇದ್ದದ್ದು ಮೇಲೆ. ಚಿಕ್ಕಪ್ಪ ಯುಪಿಎಸ್ ಮಾರಿ ರಿಪೇರಿ ಮಾಡುವ ಸಣ್ಣ ವ್ಯವಹಾರ ನಡೆಸುತ್ತಿದ್ದರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬ್ಯಾಟರಿ ಇಟ್ಟುಕೊಂಡು ಜೆ.ಪಿ. ನಗರ, ಬಿಟಿಎಂ ಸುತ್ತುವವರು. ಬಿಲ್ ಮಾಡಲೆಂದು ಬಿಡಿಭಾಗ ತಂದು ಜೋಡಿಸಿದ ಆ ಯಂತ್ರದಲ್ಲಿ ಯಾರೋ ಗಿರಾಕಿ ಒಂದು ಗೇಮ್ ಹಾಕಿಕೊಟ್ಟಿದ್ದರು. ಹಳೆಯ ಕಾಲದ ರಾಜ್ಯಗಳ ಆಟ. ಹಸಿರು, ಕಂದು, ನೀಲಿಯ ಒಂದು ದೊಡ್ಡ ನಕ್ಷೆ, ಅದರ ಮೇಲೆ ಕೋಟೆಗಳು, ಬಂದರುಗಳು, ಗಣಿಗಳು. ಒಬ್ಬರಾದ ಮೇಲೆ ಒಬ್ಬರು ಸರದಿ ಆಡಬೇಕು, ಒಂದೇ ಕುರ್ಚಿಯಲ್ಲಿ ಎದ್ದು ಕೂತು ಎದ್ದು ಕೂತು. ರಶ್ಮಿಯದು ಸಮುದ್ರದ ದಂಡೆಯ ಬಂದರಿನ ರಾಜ್ಯ. ನನ್ನದು ಉತ್ತರದಲ್ಲಿ ಕಬ್ಬಿಣದ ಗಣಿ ಇರುವ ಬೆಟ್ಟದ ನಾಡು. ನಮ್ಮಿಬ್ಬರ ಮಧ್ಯೆ ನದಿಯ ಕಣಿವೆ, ಅದನ್ನು ಕಂಪ್ಯೂಟರೇ ಆಡಿಸುವ ಒಬ್ಬ ಗಡ್ಡದ ರಾಜ ಆಳುತ್ತಿದ್ದ. ದೂತನನ್ನು ಕಳಿಸಿದರೆ ಅವನ ಮುಖ ಪರದೆಯ ತುಂಬ ಬರುತ್ತಿತ್ತು. ಮುಖದ ಹಿಂದಿನ ಪರದೆ ಹಸಿರಾಗಿದ್ದರೆ ಸ್ನೇಹ, ಹಳದಿಯಾದರೆ ಬೇಸರ, ಕೆಂಪಾದರೆ ಮುಗಿಯಿತು.

ಗೆಲ್ಲುವುದು ಹೇಗೆಂದು ನಾನು ಯೋಚಿಸುತ್ತಿದ್ದೆ. ಯುದ್ಧವನ್ನು ಮುಂದೂಡುವುದು ಹೇಗೆಂದು ರಶ್ಮಿ ಯೋಚಿಸುತ್ತಿದ್ದಳು. ಆ ಆಟದಲ್ಲಿ ಪ್ರತಿ ದೊರೆಗೂ ಒಂದು ಆಸೆಯನ್ನು ಮೊದಲೇ ಬರೆದಿಟ್ಟಿರುತ್ತಿದ್ದರು. ಗಡ್ಡದವನ ಆಸೆ ಸಮುದ್ರ. ಅವನು ಸಮುದ್ರ ಮುಟ್ಟಬೇಕಾದರೆ ರಶ್ಮಿಯ ಬಂದರನ್ನು ತುಳಿದುಕೊಂಡೇ ಹೋಗಬೇಕು. ಅವಳಿಗೆ ಇದು ಮೊದಲೇ ಗೊತ್ತಿತ್ತು. ಅವನಿಗೆ ಮುತ್ತು ಕಳಿಸಿದಳು, ಉಪ್ಪಿನ ಸುಂಕ ಬಿಟ್ಟುಕೊಟ್ಟಳು, ತನ್ನ ಬಂದರಿನಲ್ಲಿ ಅವನ ಹಡಗಿಗೆ ಜಾಗ ಕೊಟ್ಟಳು. ನನ್ನ ಜೊತೆ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡಳು. ಅವಳ ಮೇಲೆ ಯಾರು ಬಿದ್ದರೂ ನಾನು ಬರಬೇಕು. ಇತ್ತ ನಾನು ಅವಳಿಗೆ ಹೇಳದೆ ಗಡ್ಡದವನಿಗೂ ಒಂದು ಮಾತು ಕೊಟ್ಟಿದ್ದೆ. ನನ್ನ ಬೆಟ್ಟದಲ್ಲಿ ಅಕ್ಕಿ ಬೆಳೆಯುತ್ತಿರಲಿಲ್ಲ. ಅವನು ಧಾನ್ಯ ಕೊಡುತ್ತಿದ್ದ, ನಾನು ಕಬ್ಬಿಣ ಕೊಡುತ್ತಿದ್ದೆ, ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ. ರಶ್ಮಿಗೆ ಅದು ಗೊತ್ತಾದ ದಿನ ಅವಳು ಬೈಯಲಿಲ್ಲ.

"ಇಬ್ರಿಗೂ ಮಾತು ಕೊಟ್ಟಿದೀಯ. ಇರ್ಲಿ ಬಿಡು. ಯುದ್ಧ ಅಂತೂ ಆಗೇ ಆಗತ್ತೆ. ನಾವು ನೋಡ್ಕೋಬೇಕಾಗಿರೋದು ಎರಡೇ. ಯಾವಾಗ ಆಗತ್ತೆ, ಆಗ ನಮ್ಮ ಪಕ್ಕ ಯಾರಿರ್ತಾರೆ."

"ನಾನಿರ್ತೀನಿ ಕಣೇ."

"ನೋಡೋಣ ಹರ್ಷ ಮಹಾರಾಜ್ರೇ."

ಅಜ್ಜಿ ಮಧ್ಯಾಹ್ನದ ಧಾರಾವಾಹಿಗೆಂದು ಮೇಲೆ ಬಂದವರು ನಿಧಾನವಾಗಿ ನಮ್ಮ ಹಿಂದಿನ ಮಂಚಕ್ಕೆ ಸರಿದರು. ಓದಲು ಬರದ ಇಂಗ್ಲಿಷಿನ ಆ ಆಟವನ್ನು ಅವರು ಮುಖಗಳ ಮೇಲೆಯೇ ಅರ್ಥ ಮಾಡಿಕೊಂಡರು.

"ಆ ಗಡ್ಡದವನು ಯಾಕೆ ಇವತ್ತು ಮುಖ ಊದಿಸ್ಕೊಂಡಿದಾನೆ?"

"ಅವನಿಗೆ ಸಮುದ್ರ ಬೇಕಂತೆ ಅಜ್ಜಿ," ಎಂದಳು ರಶ್ಮಿ.

"ಅಷ್ಟು ದೊಡ್ಡದಿದೆ, ಸ್ವಲ್ಪ ಕೊಡು. ಸ್ನಾನಕ್ಕಾಗೋಷ್ಟು."

"ಕೊಟ್ರೆ ಆಮೇಲೆ ಪೂರ್ತಿ ಕೇಳ್ತಾನೆ."

"ಹಂಗಾದ್ರೆ ಜಗಳ ಆಡದೇ ಇರಕ್ಕೆ ಅದ್ರಲ್ಲಿ ಬಟನ್ ಇಲ್ವಾ?"

"ಇಲ್ಲ ಅಜ್ಜಿ. ಮುಂದಕ್ಕೆ ಹಾಕಕ್ಕೆ ಮಾತ್ರ ಇದೆ."

"ಅಷ್ಟೇ ಸಾಕು ಬಿಡು," ಎಂದರು ಅಜ್ಜಿ. "ನಮಗೂ ಅಷ್ಟೇ ಇರೋದು."

ಈ ಕೊನೆಯ ಮಾತನ್ನು ಅವರು ನಿಜವಾಗಿ ಆಡಿದರೋ, ಆಮೇಲೆ ನಾನೇ ಅವರ ಬಾಯಿಗೆ ತುರುಕಿದೆನೋ ಹೇಳಲಾರೆ. ರಶ್ಮಿಗೆ ಅದು ನೆನಪಿಲ್ಲ. ಸ್ನಾನಕ್ಕಾಗುವಷ್ಟು ಸಮುದ್ರ ಮಾತ್ರ ಇಬ್ಬರಿಗೂ ನೆನಪಿದೆ.

ಆ ವರ್ಷ ನಮ್ಮ ಮನೆಯ ನಿಜವಾದ ಗಡಿಯಲ್ಲಿ ಕಬ್ಬಿಣ ಬಂದು ಬಿತ್ತು. ಚಿಕ್ಕಪ್ಪನಿಗೆ ತಾರಸಿಯ ಮೇಲೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುವ ಆಸೆ. ಸುತ್ತಮುತ್ತಲ ಮನೆಗಳೆಲ್ಲ ಒಂದೊಂದಾಗಿ ಮೇಲೇಳುತ್ತಿದ್ದ ಕಾಲ ಅದು. ತಾರಸಿ ಇಬ್ಬರಿಗೂ ಸೇರಿದ್ದು, ಅಣ್ಣ ಒಪ್ಪಬೇಕು. ಅಪ್ಪ ಜಯನಗರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ತಳಪಾಯ ಅಷ್ಟು ಭಾರ ತಡೆಯುವುದಿಲ್ಲ ಎಂದು ಅವರ ವಾದ. ಅದು ತಳಪಾಯದ ಮಾತಲ್ಲ, ತನ್ನ ತಲೆಯ ಮೇಲೆ ತಮ್ಮ ಇನ್ನೊಂದು ಮಹಡಿ ಏರುವುದು ಅವರಿಗೆ ಸಹಿಸದು ಎಂದು ಚಿಕ್ಕಮ್ಮ ಹೇಳಿದ್ದನ್ನು ರಶ್ಮಿ ನನಗೆ ಹೇಳಿದಳು. ನಾನು ಅದನ್ನು ಕೆಳಗೆ ಹೇಳಲಿಲ್ಲ. ಅಪ್ಪ ಒಪ್ಪದಿದ್ದರೂ ದೀಪಾವಳಿಯ ಮುಂಚೆ ಒಂದು ದಿನ ಲಾರಿ ಬಂದು ಕಂಬಿಗಳನ್ನು ಇಳಿಸಿತು. ಅವನ್ನು ಹೊರಮೆಟ್ಟಿಲಿನಿಂದ ಸಾಗಿಸುವಾಗ ಆದ ಸದ್ದಿಗೆ ಅಪ್ಪ ಊಟದ ತಟ್ಟೆಯ ಮುಂದೆ ಕೈ ತಡೆದು ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ.

"ಕೇಳ್ಲಿಲ್ಲ ಅವನು," ಎಂದರು ಅಪ್ಪ. "ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ನಲ್ಲೋ. ನೀನು ಬೇಡ ಅಂದೆ," ಎಂದರು ಅಜ್ಜಿ.

"ಬೇಡ ಅಂದ್ಮೇಲೆ ಇನ್ನೊಂದ್ಸಲ ಕೇಳ್ಬೇಕಮ್ಮ."

ಆ ದೀಪಾವಳಿಗೆ ಕೆಳಗಿನಿಂದ ಕಜ್ಜಾಯ ತುಂಬಿಸಿಕೊಂಡು ಹೋದ ತಾತನ ಡಬ್ಬಿ ತೊಳೆದು ಒರೆಸಿ ಬರಿದಾಗಿ ಹಿಂದಿರುಗಿತು. ಅಮ್ಮ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿ, ಅಜ್ಜಿಯ ಕೈಗೆ ಕೊಟ್ಟರು. ಮರುದಿನದಿಂದ ಡಬ್ಬಿ ಅಜ್ಜಿಯ ಟ್ರಂಕಿನ ಮೇಲೆ ಕೂತಿತು. ಬಾಗಿಲು ಇನ್ನೂ ತೆರೆದಿತ್ತು, ಒರಳಿನ ಗುಂಡು ಇನ್ನೂ ಅಡ್ಡ ಇತ್ತು. ಆದರೆ ಅಮ್ಮ ಗುಡಿಸುವಾಗ ಅದನ್ನು ಸರಿಸಿ ಮತ್ತೆ ಇಡುವವರೆಗೆ ನಾನು ಅಲ್ಲೇ ನಿಂತಿರುತ್ತಿದ್ದೆ. ಶಾಲೆಯಿಂದ ಬಂದೊಡನೆ ಮೊದಲು ನೋಡುತ್ತಿದ್ದದ್ದು ಆ ಮೂಲೆಯನ್ನೇ. ಊಟದ ಹೊತ್ತಿಗೆ ಮೇಲಿನಿಂದ ಏನಾದರೂ ಬಿದ್ದ ಸದ್ದಾದರೆ ಅಪ್ಪ ಸೂರಿನ ಕಡೆ ನೋಡುತ್ತಿದ್ದರು, ನಾವೆಲ್ಲ ಅಪ್ಪನ ಕಡೆ ನೋಡುತ್ತಿದ್ದೆವು.

ಆಟದಲ್ಲೂ ಗಡ್ಡದವನ ಪರದೆ ಹಳದಿಗೆ ತಿರುಗಿತ್ತು. ರಶ್ಮಿಯ ಗಡಿಯಲ್ಲಿ ಅವನ ಕುದುರೆಗಳು ಸೇರುತ್ತಿದ್ದವು. ಅವಳು ಕಳಿಸಿದ ದೂತ ಬರಿಗೈಯಲ್ಲಿ ಬಂದ. ಆ ಆಟದಲ್ಲಿ ಹಾಗೆ ವಾಪಸ್ ಬಂದರೆ ನಮ್ಮ ಮರ್ಯಾದೆಯ ಅಂಕ ಕಡಿಮೆಯಾಗುತ್ತಿತ್ತು, ಬೇರೆ ದೊರೆಗಳೂ ನಮ್ಮನ್ನು ಹಗುರವಾಗಿ ಕಾಣುತ್ತಿದ್ದರು. ಆದ್ದರಿಂದ ರಶ್ಮಿ ಒಂದು ನಿಯಮ ಮಾಡಿದ್ದಳು: ಕೆಂಪು ಮುಖಕ್ಕೆ ದೂತನನ್ನು ಕಳಿಸಬಾರದು, ಹಳದಿಯಿದ್ದಾಗಲೇ ಕೆಲಸ ಮುಗಿಸಬೇಕು. ಇಬ್ಬರಿಗೂ ಸ್ನೇಹಿತನಾದವನು ಮಧ್ಯಸ್ಥಿಕೆ ವಹಿಸುವ ಒಂದು ದಾರಿ ಆಟದಲ್ಲಿತ್ತು. ನಾನು ಗಡ್ಡದವನಿಗೂ ರಶ್ಮಿಗೂ ಮಾತು ಕೊಟ್ಟವನಾದ್ದರಿಂದ ಆ ಕೆಲಸ ನನ್ನದಾಯಿತು. ಗಡ್ಡದವನಿಗೆ ರಶ್ಮಿಯ ಹೆಸರಿನಲ್ಲಿ ಸಂಧಿಯ ಮಾತು, ರಶ್ಮಿಗೆ ಗಡ್ಡದವನ ಹೆಸರಿನಲ್ಲಿ. ಅಜ್ಜಿ ಹಿಂದೆ ಕೂತು ನೋಡುತ್ತಿದ್ದರು.

"ಈಗ ಏನು ಮಾಡ್ದೆ ನೀನು?"

"ಇಬ್ರಿಗೂ ಇನ್ನೊಬ್ರೇ ಮೊದಲು ಕೇಳಿದ್ರು ಅನ್ನೋ ಥರ ಮಾಡ್ದೆ ಅಜ್ಜಿ."

"ಇಬ್ರೂ ಒಪ್ಕೊಂಡ್ರಾ?"

"ಒಪ್ಕೊಂಡ್ರು. ಪರದೆ ನೋಡಿ, ಹಸಿರು."

ಸಂಕ್ರಾಂತಿ ಬಂತು. ಹಿಂದೆಲ್ಲ ಎರಡು ಮನೆಗೂ ಅಜ್ಜಿಯೇ ಕೊಬ್ಬರಿ ಹೆಚ್ಚಿ, ಬೆಲ್ಲ ಕತ್ತರಿಸಿ, ಕಡಲೆಬೀಜ ಹುರಿದು ಎಳ್ಳು ಬೆರೆಸುತ್ತಿದ್ದರು, ಮರದ ಅಚ್ಚಿನಲ್ಲಿ ಸಕ್ಕರೆಯ ಗಿಳಿ, ತೇರು, ಕಬ್ಬಿನ ಜಲ್ಲೆ ಎರಕ ಹೊಯ್ಯುತ್ತಿದ್ದರು. ಆ ಸಲ ಮೇಲಿನ ಮನೆಗೆ ಅಂಗಡಿಯ ಎಳ್ಳು ಬಂತು. ಅಂಗಡಿಯ ಪೊಟ್ಟಣವನ್ನು ಕಂಡು ಅಜ್ಜಿಗಾದದ್ದು ಕಂಬಿಗಳನ್ನು ಕಂಡಾಗಲೂ ಆಗಿರಲಿಲ್ಲ. ಹಬ್ಬದ ಬೆಳಿಗ್ಗೆ, ಅಮ್ಮ ಸ್ನಾನಕ್ಕೆ ಹೋದಾಗ, ಅವರು ಟ್ರಂಕಿನ ಮೇಲಿನ ಡಬ್ಬಿ ತೆಗೆದು ನಮ್ಮ ಎಳ್ಳು ತುಂಬಿ, ಮೇಲೊಂದು ಸಕ್ಕರೆ ಗಿಳಿ ಇಟ್ಟು, ಮರದ ಪಟ್ಟಿ ಹಿಡಿದು ದೇವರ ಹೆಸರು ಹೇಳುತ್ತ ಹತ್ತಿದರು. ನಾನು ಮೇಲೆಯೇ ಇದ್ದೆ. ಅವರು ಚಿಕ್ಕಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡೆ.

"ನಿಮ್ಮ ಭಾವ ಕಳಿಸಿದಾನಮ್ಮ. ಬಾಯಿ ಬಿಟ್ಟು ಹೇಳಕ್ಕೆ ಅವನಿಗೆ ನಾಚಿಕೆ. ನಿಂಗೊತ್ತಲ್ಲ."

ಚಿಕ್ಕಮ್ಮ ಗಿಳಿಯನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಡಬ್ಬಿಯನ್ನು ಬರಿದು ಮಾಡಿ, ಅಂಗಡಿಯ ಎಳ್ಳು ತುಂಬಿ, ಜೊತೆಗೆ ಬಾಳೆಹಣ್ಣು, ಕಬ್ಬಿನ ತುಂಡು ಕೊಟ್ಟರು. ಅಜ್ಜಿಯ ತೋಳು ಹಿಡಿದುಕೊಂಡು ನಾನೂ ಕೆಳಗಿಳಿದೆ. ಅಮ್ಮ ತಲೆ ಒರೆಸಿಕೊಳ್ಳುತ್ತ ಬಂದರು.

"ನೋಡಮ್ಮ, ನಿನ್ನ ಮೈದುನ ಕಳಿಸಿದಾನೆ. ಅವರೇ ಮೊದಲು ಕಳಿಸಿದ್ದು. ಇನ್ನು ಮನಸ್ಸಲ್ಲಿ ಏನೂ ಇಟ್ಕೋಬೇಡ."

ಅಮ್ಮ ಎರಡು ಕಾಳು ಬಾಯಿಗೆ ಹಾಕಿಕೊಂಡು, "ಅಂಗಡೀದು," ಎಂದರು. ಆದರೆ ನಕ್ಕರು, ಟ್ರಂಕಿನ ಮೇಲಿದ್ದ ಡಬ್ಬಿ ಮಹಡಿಗೆ ಹೇಗೆ ಹೋಯಿತೆಂದು ಕೇಳಲಿಲ್ಲ.

ಅಜ್ಜಿ ಈ ಉಪಾಯವನ್ನು ನಮ್ಮ ಆಟ ನೋಡಿ ಕಲಿತರು ಎಂದು ರಶ್ಮಿ ಇವತ್ತಿಗೂ ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಡಬ್ಬಿಯ ಜೊತೆಗೆ ಬೇಕಾದ ಎರಡು ಮಾತು ಅಂದರೆ ಇದೇ ಇರಬೇಕು. ಎರಡು ಒಲೆ ಹೊತ್ತಿದ ದಿನದಿಂದ ಅವರು ಇದನ್ನೇ ಮಾಡಿಕೊಂಡು ಬಂದಿರಬೇಕು, ನಮ್ಮ ಪರದೆಯಲ್ಲಿ ತಮ್ಮ ಕೆಲಸವನ್ನೇ ಕಂಡು ಕುತೂಹಲದಿಂದ ಕೇಳಿರಬೇಕು. ಎರಡಕ್ಕೂ ಪುರಾವೆ ಇಲ್ಲ.

ಸ್ವಲ್ಪ ದಿನ ಮನೆ ಹಗುರವಾಯಿತು. ಅಪ್ಪ ಊಟದ ಮಧ್ಯೆ ಮೇಲಕ್ಕೆ ನೋಡುವುದನ್ನು ಬಿಟ್ಟರು. ಚಿಕ್ಕಪ್ಪ ಸ್ಕೂಟರ್ ಒಳಗೆ ತಳ್ಳುತ್ತ ಸಿಳ್ಳೆ ಹಾಕಿದರು. ಇಬ್ಬರೂ ಗೆದ್ದವರಂತಿದ್ದರು, ಇಬ್ಬರೂ ಉದಾರಿಗಳಾಗಿದ್ದರು. ಅದೇ ಅಪಾಯವೆಂದು ನಮಗೆ ಹೊಳೆಯಲಿಲ್ಲ.

ಅದು ಭಾನುವಾರ ಬೆಳಿಗ್ಗೆ. ನಾನು, ರಶ್ಮಿ ಮೇಲೆ ಆಡುತ್ತಿದ್ದೆವು. ಕರೆಂಟ್ ಹೋಯಿತು, ಯುಪಿಎಸ್ ಕೀ ಕೀ ಎನ್ನತೊಡಗಿತು. ಚಿಕ್ಕಪ್ಪನ ಮನೆಯ ಯುಪಿಎಸ್ಸಿನಲ್ಲಿ ಯಾವಾಗಲೂ ಗಿರಾಕಿಗಳು ಬಿಟ್ಟುಹೋದ ಹಳೆಯ ಬ್ಯಾಟರಿಯೇ ಇರುತ್ತಿತ್ತು, ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಆಗಲೇ ಗಡ್ಡದವನ ಮುಖ ಬಂತು, ಹಿಂದಿನ ಪರದೆ ಕೆಂಪು. ಅವನು ರಶ್ಮಿಯ ಬಂದರಿನ ಮೇಲೆ ಯುದ್ಧ ಸಾರಿದ್ದ. ಸರದಿ ನನ್ನದು. ನಿನ್ನ ಮಿತ್ರನ ಮೇಲೆ ದಾಳಿಯಾಗಿದೆ, ಸೇರುತ್ತೀಯೋ ತಟಸ್ಥನಾಗಿರುತ್ತೀಯೋ ಎಂಬ ಪ್ರಶ್ನೆ. ಸೇರಿದರೆ ಗಡ್ಡದವನಿಗೆ ಕೊಟ್ಟ ಮಾತು ಮುರಿಯುತ್ತದೆ, ನನ್ನ ಜನಕ್ಕೆ ಆ ಚಳಿಗಾಲಕ್ಕೆ ಧಾನ್ಯವಿಲ್ಲ.

"ಒತ್ತೋ ಬೇಗ, ಆಫ್ ಆಗತ್ತೆ," ಎಂದಳು ರಶ್ಮಿ.

ಕೆಳಗಿನಿಂದ ಚಿಕ್ಕಪ್ಪನ ದನಿ ಏರಿತು. ಹಾಗಾಗಿ ಆಟದ ಯುದ್ಧವೂ ಮನೆಯ ಯುದ್ಧವೂ ಒಂದೇ ಹೊತ್ತಿಗೆ ಆದವೆಂದು ನಾನು ಹೇಳಬೇಕಾಗುತ್ತದೆ. ಇದು ಅನುಮಾನ ಬರುವಷ್ಟು ಅಚ್ಚುಕಟ್ಟಾಗಿದೆ, ನನಗೇ ಗೊತ್ತು. ಆದರೆ ಇದೊಂದರಲ್ಲಿ ರಶ್ಮಿಯದೂ ನನ್ನದೂ ಒಂದೇ ಹೇಳಿಕೆ. ನಾನು ಒಳಮೆಟ್ಟಿಲಿನ ಅರ್ಧಕ್ಕೆ ಬಂದು ನಿಂತೆ. ಅಪ್ಪ ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಿಕ್ಕಪ್ಪ ಬಾಗಿಲ ಬಳಿ ನಿಂತಿದ್ದರು. ಅಜ್ಜಿ ಮಧ್ಯದ ದಿವಾನದ ಮೇಲೆ.

"ಅಣ್ಣ, ಹಬ್ಬಕ್ಕೆ ನೀವೇ ಮೊದಲು ಕಳಿಸಿದ್ರಿ, ನಾನು ಮರೆಯಲ್ಲ. ಅದಕ್ಕೇ ನಾಳೆ ಮೇಸ್ತ್ರಿಗೆ ಬರಕ್ಕೆ ಹೇಳಿದೀನಿ ಅಂತ ತಿಳಿಸಕ್ಕೆ ಬಂದೆ."

"ನಾನೆಲ್ಲಿ ಕಳಿಸ್ದೆ? ನೀನು ಕಳಿಸ್ದೆ. ಕಟ್ಟೋ ಯೋಚನೆ ಬಿಟ್ಟೆ ಅಂತ ನಾನು ಸುಮ್ನಿದ್ದೀನಿ."

"ನಾನ್ಯಾಕೆ ಬಿಡ್ಲಿ? ಬಗ್ಗಿದ್ದು ನೀವು."

"ಯಾರೋ ಬಗ್ಗಿದ್ದು? ಅಂಗಡಿ ಎಳ್ಳು ಕಳಿಸಿ ನನ್ನ ಕಾಲಿಗೆ ಬಿದ್ದೋನು ನೀನು!"

"ಕಾಲಿಗಾ? ಅಣ್ಣ, ಮಕ್ಕಳ ಮಾರ್ಕ್ಸ್ ಕಿತ್ಕೊಂಡಂಗಲ್ಲ ಇದು, ನಾಲಿಗೆ ಬಿಗಿ ಹಿಡೀರಿ."

ಆಮೇಲೆ ಇಬ್ಬರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದರು. ಆ ಹಾಲಿನಲ್ಲಿ ಆ ಕ್ಷಣಕ್ಕೆ ಅಣ್ಣತಮ್ಮಂದಿರು ಒಂದಾಗಿದ್ದರು, ಅದೂ ತಾಯಿಯ ಎದುರು.

"ಏನಮ್ಮ ಇದು?"

ಅಜ್ಜಿ ಸೆರಗಿನಿಂದ ಮಂಡಿ ಉಜ್ಜಿಕೊಂಡರು. "ಯಾರೋ ಒಬ್ರು ಮೊದಲು ಕಳಿಸ್ಬೇಕಿತ್ತು," ಎಂದರು. "ನೀವಿಬ್ರೂ ಕಳಿಸ್ಲಿಲ್ಲ. ನಾನು ಕಳಿಸ್ದೆ."

ಇಲ್ಲಿ ಯಾರಾದರೂ ನಕ್ಕಿದ್ದರೆ ಉಳಿಯುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಯಾರೂ ನಗಲಿಲ್ಲ. ಚಿಕ್ಕಪ್ಪ ಒರಳಿನ ಗುಂಡನ್ನು ಕಾಲಿನಿಂದ ತಳ್ಳಿದರು; ಅದು ಹಾಲಿನ ನೆಲದ ಮೇಲೆ ನಿಧಾನವಾಗಿ ಉರುಳಿ ದಿವಾನದ ಕಾಲಿಗೆ ತಾಗಿತು. ಅಪ್ಪ ನನ್ನನ್ನು ನೋಡಿ, "ಹರ್ಷ, ಕೆಳಗೆ ಬಾ," ಎಂದರು. ಹೋದೆ. ಚಿಕ್ಕಪ್ಪ ಮೆಟ್ಟಿಲ ಕಡೆಗೆ ನಿಂತು ಬಾಗಿಲನ್ನು ಹಿಂದಿನಿಂದ ಬಲವಾಗಿ ಎಳೆದುಕೊಂಡರು. ಟಕ್ ಎಂದಿತು.

"ಚಿಲಕ ಹಾಕ್ಕೊಂಡ," ಎಂದರು ಅಪ್ಪ.

ಅಂದಿನಿಂದ ಅದು ಹಾಗೇ ಇತ್ತು. ಮೇಸ್ತ್ರಿ ಬರಲಿಲ್ಲ, ಕೋಣೆಗಳೂ ಏಳಲಿಲ್ಲ. ಮಳೆಗೆ ಕಂಬಿಗಳ ತುಕ್ಕು ಇಳಿದು ನಮ್ಮ ಅಡುಗೆಮನೆಯ ಹೊರಗೋಡೆಯ ಮೇಲೆ ಕೆಂಪು ಗೆರೆಗಳು ಮೂಡಿದವು. ಅಜ್ಜಿ ತಮ್ಮ ಬೆತ್ತದ ಕುರ್ಚಿಯನ್ನು ಮೆಟ್ಟಿಲ ಬಾಗಿಲ ಪಕ್ಕಕ್ಕೆ ಹಾಕಿಸಿಕೊಂಡರು. ನಮ್ಮ ಕಡೆಗೂ ಬಾಗಿಲಿಗೆ ಒಂದು ಚಿಲಕವಿತ್ತು. ಅದನ್ನು ಅಪ್ಪ ಹಾಕಲಿಲ್ಲ; ಜಾರಿಸದ ಚಿಲಕದ ಹಿಡಿಗೆ ಅಜ್ಜಿ ತಮ್ಮ ಜಪಮಣಿಯ ಚೀಲ ತೂಗುಹಾಕುತ್ತಿದ್ದರು. ಆ ಕಡೆಯಿಂದ ಚಪ್ಪಲಿಯ ಸದ್ದು, ಕುಕ್ಕರಿನ ಸೀಟಿ, ಯುಪಿಎಸ್ಸಿನ ಕೀ ಕೀ ಕೇಳುತ್ತಿದ್ದವು. ಹೊರಮೆಟ್ಟಿಲನ್ನು ಒಂದು ಸಲ ಅಮ್ಮನ ಭುಜ ಹಿಡಿದು ಪ್ರಯತ್ನಿಸಿದರು, ಸ್ವಲ್ಪ ಹತ್ತಿ ಅಲ್ಲೇ ಕೂತುಬಿಟ್ಟರು. ಚಿಕ್ಕಪ್ಪ ಹಬ್ಬದ ದಿನಗಳಲ್ಲಿ, ಅಪ್ಪ ಇಲ್ಲದ ಹೊತ್ತು ನೋಡಿ, ಬೀದಿ ಬಾಗಿಲಿಗೆ ಬಂದು ನಮಸ್ಕಾರ ಮಾಡಿ ಹೋಗುತ್ತಿದ್ದರು. ಅಜ್ಜಿಗೆ ಅದು ಸಾಲದು.

"ನನ್ನ ಮಗನ ಮನೆಗೆ ನಾನು ಹೋಗೋದು ಒಂದು. ಅವನು ನೆಂಟನ ಥರ ಹೊಸಿಲಲ್ಲಿ ನಿಂತು ಮುಖ ತೋರ್ಸಿ ಹೋಗೋದು ಇನ್ನೊಂದು."

ರಶ್ಮಿ ಮತ್ತು ನಾನು ಬಸ್ ಸ್ಟಾಪಿನಲ್ಲಿ ಸಿಗುತ್ತಿದ್ದೆವು. ಆಟವನ್ನು ಅವಳು ಒಬ್ಬಳೇ ಮುಂದುವರಿಸಿದ್ದಳು. ನನ್ನ ಸರದಿ ಬಂದಾಗ ಏನೂ ಮಾಡದೆ ದಾಟಿಸುತ್ತಿದ್ದಳಂತೆ. ಗಡ್ಡದವನು ಬಂದರು ತೆಗೆದುಕೊಂಡ ಎಂದಳು. ಸಂಧಿಗೆ ಕೇಳಲಿಲ್ಲವೇ ಎಂದೆ.

"ಮುಖ ಕೆಂಪಿತ್ತಲ್ಲೋ. ಕೇಳಿದ್ರೂ ಇಲ್ಲ ಅಂತಾನೆ. ಸುಮ್ನೆ ಮರ್ಯಾದೆ ಹೋಗತ್ತೆ."

ನನಗೂ ಅದು ಸರಿಯೆನ್ನಿಸಿತು. ಕೆಳಗೆ ನಾವೂ ಅದೇ ನಿಯಮದಲ್ಲಿದ್ದೆವು.

ಒಂದು ಮಧ್ಯಾಹ್ನ ಅಮ್ಮ ಅಪ್ಪ ಇಲ್ಲದಾಗ ನಾನು ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಅಜ್ಜಿಯನ್ನು ಕೇಳಿದೆ. ಅಥವಾ ಕೇಳಿದೆ ಎಂದು ನನ್ನ ನೆನಪು ಹೇಳುತ್ತದೆ.

"ಎಳೆದು ನೋಡ್ಲಾ ಅಜ್ಜಿ?"

"ಬೇಡ ಪುಟ್ಟ. ಅವನು ಆ ಕಡೆಯಿಂದ ಹಾಕಿದಾನೆ. ಅವನೇ ತೆಗೀಲಿ."

"ಸುಮ್ನೆ ನೋಡೋಣ."

"ನೀನು ಎಳೆದು, ಅದು ಬರದೇ ಇದ್ರೆ? ಈಗ ಹಾಕಿರ್ಬಹುದು ಅಂತಿದೆ. ಆಗ ಹಾಕಿದಾನೆ ಅಂತಾಗತ್ತೆ. ನಂಗೆ ತಡ್ಕೊಳಕ್ಕಾಗಲ್ಲ. ಬಿಡು."

ಬಿಟ್ಟೆ. ಅಜ್ಜಿ ಮತ್ತೆ ಮೇಲಿನ ಮನೆಯನ್ನು ನೋಡಲಿಲ್ಲ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ಚಿಕ್ಕಪ್ಪ, ಚಿಕ್ಕಮ್ಮ, ರಶ್ಮಿ ಹೊರಮೆಟ್ಟಿಲಿಳಿದು, ಗೇಟು ಸುತ್ತಿಕೊಂಡು ಬಂದರು. ಕರ್ಮಾಂತರಗಳಿಗೆ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂತರು, ದರ್ಭೆ ಕೈಬದಲಾಯಿಸಿಕೊಂಡರು, ಆಮೇಲೆ ಮಾತೂ ಆಡಿದರು. ಯುದ್ಧ ಮುಗಿದಿತ್ತು. ಅಷ್ಟು ಹೊತ್ತಿಗೆ ಬೆತ್ತದ ಕುರ್ಚಿಯ ಪಕ್ಕದಲ್ಲಿ ಪುಸ್ತಕದ ಕಪಾಟು ಬಂದು ಬಾಗಿಲು ಅದರ ಹಿಂದೆ ಸೇರಿಹೋಗಿತ್ತು. ಅದನ್ನು ತೆರೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಮನೆಯನ್ನು ಕೆಡವಿ ಫ್ಲಾಟುಗಳನ್ನು ಕಟ್ಟಲು ಇಬ್ಬರೂ ಒಪ್ಪಿದ ವರ್ಷ, ಸಾಮಾನು ಸಾಗಿಸುವಾಗ, ಚಿಕ್ಕಪ್ಪ ಕಾಫಿ ಕುಡಿಯುತ್ತ ನನಗೆ ಹೇಳಿದರು.

"ನಿಮ್ಮಪ್ಪ ಹಠ ನೋಡು. ಅಷ್ಟು ವರ್ಷ ಚಿಲಕ ಹಾಕ್ಕೊಂಡು ಕೂತಿದ್ರು. ಒಂದ್ಸಲ ತೆಗೆದಿದ್ರೆ ಅಮ್ಮನ್ನ ನಾನೇ ಎತ್ಕೊಂಡು ಹೋಗ್ತಿದ್ದೆ."

"ಹಾಕಿದ್ದು ನೀವಲ್ವಾ ಚಿಕ್ಕಪ್ಪ?"

"ನಾನಾ? ನಮ್ಮ ಕಡೆ ಚಿಲಕಾನೇ ಇರ್ಲಿಲ್ವಲ್ಲೋ."

ರಶ್ಮಿಗೆ ಫೋನ್ ಮಾಡಿದೆ. ತಾನು ಒಂದು ಸಲ ಮೆಟ್ಟಿಲಿಳಿದು ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದೆ, ಆ ಕಡೆ ಅಜ್ಜಿಯ ಜಪ ಕೇಳುತ್ತಿತ್ತು, ತಳ್ಳಲಿಲ್ಲ ಎಂದಳು. ಚಿಲಕ ಇತ್ತೇ ಎಂದರೆ ನೆನಪಿಲ್ಲ ಎಂದಳು. ಅಪ್ಪನನ್ನು ಕೇಳಿದೆ. ಟಕ್ ಅಂದಿ‌ದ್ದು ನಾನು ಕೇಳಿದೀನಿ ಎಂದರು ಅಪ್ಪ. ಮೂವರೂ ನನ್ನ ಪ್ರೀತಿಯವರು, ಮೂವರ ಹೇಳಿಕೆಯನ್ನೂ ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ. ತಟಸ್ಥ ಎಂದು ಒತ್ತಿದೆನೋ, ಸೇರುತ್ತೇನೆ ಎಂದು ಒತ್ತಿದೆನೋ ಎಂಬುದನ್ನು ಇನ್ನು ಯಾರೂ ತೋರಿಸಲಾರರು. ಆ ಯಂತ್ರ ಯಾವತ್ತೋ ಗುಜರಿಗೆ ಹೋಯಿತು. ಬಾಗಿಲು ಮಾತ್ರ ಇನ್ನೂ ಇತ್ತು.

ಮರುದಿನ ಬೆಳಿಗ್ಗೆ ಕತ್ರಿಗುಪ್ಪೆಗೆ ಹೋದೆ. ಕೆಲಸದವರು ಬಾಗಿಲುಗಳನ್ನೆಲ್ಲ ಚೌಕಟ್ಟಿನ ಸಮೇತ ಕಿತ್ತು ಕಾಂಪೌಂಡಿಗೆ ಒರಗಿಸಿದ್ದರು. ನಮ್ಮ ಕಡೆಯ ಚಿಲಕ ಹಾಗೇ ಇತ್ತು, ಹಿಂದಕ್ಕೆ ಸರಿದ ಸ್ಥಿತಿಯಲ್ಲಿ, ಬಾಗಿಲು ಕೂರಿಸಿದಾಗ ಬಳಿದ ಬಣ್ಣದಿಂದ ಕಚ್ಚಿಕೊಂಡು. ಎಷ್ಟು ಎಳೆದರೂ ಜರುಗಲಿಲ್ಲ. ಬಾಗಿಲನ್ನು ತಿರುಗಿಸಿ ನಿಲ್ಲಿಸಿಕೊಂಡೆ. ಮೆಟ್ಟಿಲ ಕಡೆಯ ಮುಖವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಸವರಿದೆ, ಬೀಗದ ಕೈಯಿಂದ ಬಣ್ಣ ಕೆರೆದು ನೋಡಿದೆ, ಚೌಕಟ್ಟನ್ನೂ ಹಾಗೇ ನೋಡಿದೆ. ಸ್ಕ್ರೂ ಇಳಿದ ತೂತಿಲ್ಲ, ತೂತು ಮುಚ್ಚಿ ಮೆತ್ತಿದ ಗುರುತಿಲ್ಲ. ಆ ಕಡೆ ಚಿಲಕ ಯಾವತ್ತೂ ಇರಲಿಲ್ಲ.